ಕೇಡಿನ ಸಮಸ್ಯೆ: ಕ್ರೈಸ್ತ ಚಿಂತನೆಯಲ್ಲಿ ದೇವರ ಕರುಣೆ ಮತ್ತು ನ್ಯಾಯ

ಕೇಡಿನ ಸಮಸ್ಯೆ: ದೇವರು ಸರ್ವಶಕ್ತ, ಸರ್ವಜ್ಞ, ಪೂರ್ತಿ ಒಳ್ಳೆಯವನು ಎಂದು ನಂಬುವ ಧರ್ಮಕ್ಕೆ ಲೋಕದ ನೋವು ಮತ್ತು ಅನ್ಯಾಯಗಳು ಒಡ್ಡುವ ಪ್ರಶ್ನೆ. ತಡೆಯಬಲ್ಲವನು ಏಕೆ ತಡೆಯಲಿಲ್ಲ ಎಂಬುದು ಇದರ ತಿರುಳು. ಕ್ರೈಸ್ತ ಧರ್ಮದಲ್ಲಿ ಇದಕ್ಕೆ ಇನ್ನೊಂದು ಪ್ರಶ್ನೆ ಅಂಟಿಕೊಂಡೇ ಬಂದಿದೆ. ತಪ್ಪಿಗೆ ತಕ್ಕ ಶಿಕ್ಷೆ ಕೊಡುವ ನ್ಯಾಯಾಧೀಶನೂ ತಪ್ಪನ್ನು ಮನ್ನಿಸುವ ತಂದೆಯೂ ಒಬ್ಬನೇ ಆಗುವುದು ಹೇಗೆ? ಮೊದಲನೆಯದನ್ನು ಹೆಚ್ಚಾಗಿ ಹೊರಗಿನವರು ಕೇಳಿದ್ದಾರೆ. ಎರಡನೆಯದು ಮನೆಯೊಳಗಿನ ಜಗಳ. ಚರ್ಚೆಯ ಇತಿಹಾಸ ಓದಿದವರಿಗೆ ಎರಡನೆಯದೇ ಹೆಚ್ಚು ಗಂಟು ಬಿದ್ದದ್ದು ಎನಿಸಿದರೆ ಆಶ್ಚರ್ಯವಿಲ್ಲ. ದೇವರನ್ನು ಈ ಆಪಾದನೆಯಿಂದ ಪಾರುಮಾಡಲು ಹೂಡುವ ವಾದಕ್ಕೆ ‘ಥಿಯೋಡಿಸಿ’ ಎಂಬ ಹೆಸರು ಬಂದದ್ದು 1710ರಲ್ಲಿ. ಜರ್ಮನಿಯ ಲೈಬ್ನಿಟ್ಸ್ ತನ್ನ ಪುಸ್ತಕದ ಹೆಸರಿಗಾಗಿ ದೇವರು, ನ್ಯಾಯ ಎಂಬ ಎರಡು ಗ್ರೀಕ್ ಪದಗಳನ್ನು ಕೂಡಿಸಿ ಅದನ್ನು ಕಟ್ಟಿದ.

ಪ್ರಶ್ನೆಯ ಹಳೆಯ ರೂಪ ಎಪಿಕ್ಯೂರಸ್‌ನ ಹೆಸರಿನಲ್ಲಿ ಓಡಾಡುತ್ತದೆ. ಕೇಡನ್ನು ತೊಲಗಿಸುವ ಮನಸ್ಸಿದ್ದೂ ಕೈಲಾಗದಿದ್ದರೆ ದೇವರು ದುರ್ಬಲ. ಕೈಲಾಗಿಯೂ ಮನಸ್ಸಿಲ್ಲದಿದ್ದರೆ ದುಷ್ಟ. ಎರಡೂ ಇದ್ದರೆ ಕೇಡು ಉಳಿದದ್ದೇಕೆ ಎಂಬುದು ಅದರ ಸಾರ. ಎಪಿಕ್ಯೂರಸ್‌ನ ಉಳಿದುಬಂದ ಬರಹಗಳಲ್ಲಿ ಇದಿಲ್ಲ. ಇದನ್ನು ನಮ್ಮವರೆಗೆ ತಲುಪಿಸಿದವನು ಲ್ಯಾಕ್ಟಾಂಟಿಯಸ್ ಎಂಬ ಕ್ರೈಸ್ತ ಲೇಖಕ. 4ನೇ ಶತಮಾನದ ಮೊದಲ ಭಾಗದಲ್ಲಿ ದೇವರ ಕೋಪದ ಬಗ್ಗೆ ಬರೆಯುತ್ತ, ಖಂಡಿಸುವುದಕ್ಕೆಂದೇ ಇದನ್ನು ಎತ್ತಿಕೊಂಡ. ಖಂಡನೆಗಿಂತ ಖಂಡಿಸಿದ ಮಾತೇ ಹೆಚ್ಚು ಕಾಲ ಬಾಳಿತು.

ಪದಗಳು

ಯೇಸು ಕಲಿಸಿದ ಪ್ರಾರ್ಥನೆಯ ಕನ್ನಡ ರೂಪದಲ್ಲಿ ಬರುವ ಪದ ‘ಕೇಡು’. ಅದರ ಮೂಲ ಗ್ರೀಕ್ ಪದವನ್ನು ಕೇಡು ಎಂದೂ ಓದಬಹುದು, ಕೆಡುಕ, ಅಂದರೆ ಸೈತಾನ, ಎಂದೂ ಓದಬಹುದು. ಆ ಅನುಮಾನ ಇಂದಿಗೂ ತೀರಿಲ್ಲ. ಕನ್ನಡದ ಪದ ‘ಕೆಡು’ ಎಂಬ ಧಾತುವಿನಿಂದ ಬಂದದ್ದು. ಹಾಲು ಕೆಟ್ಟಿತು ಎಂದಾಗ ಹಾಲಿನೊಳಗೆ ‘ಕೇಡು’ ಎಂಬ ಬೇರೆ ಪದಾರ್ಥ ಸೇರಿತೆಂದು ಯಾರೂ ಅರ್ಥಮಾಡುವುದಿಲ್ಲ. ಇದ್ದ ಒಳ್ಳೆಯದು ಹಾಳಾಯಿತು ಎಂದಷ್ಟೇ ಅರ್ಥ. ಮುಂದೆ ಆಗಸ್ಟೀನ್ ಎಂಬ ಕ್ರೈಸ್ತ ಚಿಂತಕ ಲ್ಯಾಟಿನ್‌ನಲ್ಲಿ ಪುಟಗಟ್ಟಲೆ ಸಾಧಿಸಿದ್ದು ಬಹುಮಟ್ಟಿಗೆ ಇದನ್ನೇ.

ಕರುಣೆಯ ಪದಗಳಲ್ಲಿಯೂ ಇಂಥ ಸ್ವಾರಸ್ಯವಿದೆ. ಹೀಬ್ರೂ ಭಾಷೆಯ ‘ರಹಮೀಮ್’ ಎಂಬ ಪದ ಗರ್ಭ ಎಂಬ ಅರ್ಥದ ‘ರೆಹೆಮ್’ಗೆ ನಂಟು. ಸುವಾರ್ತೆಗಳಲ್ಲಿ ಯೇಸು ಜನರನ್ನು ಕಂಡು ಮರುಗಿದ ಎನ್ನುವಲ್ಲಿ, ಹಾಗೂ ದುಂದುಗಾರ ಮಗನ ತಂದೆಯ ಕಥೆಯಲ್ಲಿ, ಬಳಸಿರುವ ಗ್ರೀಕ್ ಕ್ರಿಯಾಪದ ಕರುಳು ಎಂಬ ಪದದಿಂದ ಹುಟ್ಟಿದೆ. ಕರುಳು ಚುರುಕ್ಕೆನ್ನುವುದು ಎಂಬ ಕನ್ನಡದ ಮಾತಿಗೆ ಇದಕ್ಕಿಂತ ಹತ್ತಿರದ ಬಂಧು ಸಿಗಲಾರದು. ಇನ್ನು ನ್ಯಾಯಕ್ಕೆ ಹೀಬ್ರೂವಿನಲ್ಲಿ ಎರಡು ಪದಗಳಿವೆ. ತೀರ್ಪು ಕೊಡುವುದು ‘ಮಿಶ್ಪಾಟ್’, ಸಂಬಂಧದಲ್ಲಿ ಸರಿಯಾಗಿ ನಡೆದುಕೊಳ್ಳುವುದು ‘ತ್ಸೆದಕಾ’. ಕನ್ನಡ ಬೈಬಲ್ ಇವನ್ನು ಬಹುಪಾಲು ನ್ಯಾಯ, ನೀತಿ ಎಂದು ಬೇರ್ಪಡಿಸಿಯೇ ಇಟ್ಟಿದೆ.

ಬೈಬಲಿನೊಳಗಿನ ಜಗಳ

ಸಮಸ್ಯೆಯ ಮೂಲಗ್ರಂಥ ಹಳೆಯ ಒಡಂಬಡಿಕೆಯ ಯೋಬನ ಪುಸ್ತಕ. 42 ಅಧ್ಯಾಯಗಳ ಈ ಕೃತಿಯಲ್ಲಿ ಯೋಬ ನೀತಿವಂತ ಎಂದು ದೇವರೇ ಸಾಕ್ಷಿ ಹೇಳುತ್ತಾನೆ. ಆದರೂ ಪರಲೋಕದ ಸಭೆಯಲ್ಲಿ ‘ಎದುರಾಳಿ’ ಹಾಕಿದ ಸವಾಲಿನಿಂದಾಗಿ ಯೋಬ ದನಕುರಿ, ಏಳು ಗಂಡು ಮೂರು ಹೆಣ್ಣು ಮಕ್ಕಳು, ಆರೋಗ್ಯ ಎಲ್ಲವನ್ನೂ ಕಳೆದುಕೊಂಡು ಬೂದಿಯಲ್ಲಿ ಕುಳಿತು ಬೋಕಿಬಿಲ್ಲೆಯಿಂದ ಮೈ ಕೆರೆದುಕೊಳ್ಳುತ್ತಾನೆ. ಎಲೀಫಜ, ಬಿಲ್ದದ, ಚೋಫರ ಎಂಬ ಗೆಳೆಯರು ಬಂದು ಏಳು ದಿನ ಮಾತಿಲ್ಲದೆ ಪಕ್ಕದಲ್ಲಿ ಕೂರುತ್ತಾರೆ. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ಬಿಟ್ಟೊಡನೆ ಲೆಕ್ಕ ಶುರು: ದೇವರು ನ್ಯಾಯವಂತ, ನಿನಗೆ ಕಷ್ಟ ಬಂದಿದೆ, ಆದ್ದರಿಂದ ನೀನು ತಪ್ಪು ಮಾಡಿರಬೇಕು. ಯೋಬ ಈ ಲೆಕ್ಕವನ್ನು ಒಪ್ಪುವುದಿಲ್ಲ. ತನ್ನನ್ನು ನ್ಯಾಯಸ್ಥಾನಕ್ಕೆ ಕರೆಯಲಿ, ದೇವರ ಮುಂದೆಯೇ ವಾದ ಮಾಡುತ್ತೇನೆ ಎಂದು ಪಟ್ಟು ಹಿಡಿಯುತ್ತಾನೆ. ಕೊನೆಗೆ ಸುಂಟರಗಾಳಿಯೊಳಗಿಂದ ಬರುವ ದೇವರ ಮಾತಿನಲ್ಲಿ ಕಾರಣ ಎಂಬುದೇ ಇಲ್ಲ. ನಕ್ಷತ್ರ, ಹಿಮ, ಕಾಡುಕತ್ತೆ, ಉಷ್ಟ್ರಪಕ್ಷಿ, ಲೆವಿಯಾತಾನ್ ಎಂಬ ಜಲಜಂತು, ಹೀಗೆ ಮನುಷ್ಯನ ಸುತ್ತ ತಿರುಗದ ಲೋಕವೊಂದು ಮೆರವಣಿಗೆ ಹೊರಡುತ್ತದೆ. ಇದನ್ನು ಉತ್ತರವೆಂದು ಒಪ್ಪದ ಓದುಗರು ಬಹಳ ಮಂದಿ. ಆದರೆ ಕಥೆಯ ಅಂತ್ಯದಲ್ಲಿ ದೇವರು ಸಿಟ್ಟಾಗುವುದು ತನ್ನ ಪರ ವಕಾಲತ್ತು ವಹಿಸಿದ ಗೆಳೆಯರ ಮೇಲೆ, ಜಗಳವಾಡಿದ ಯೋಬನ ಮೇಲಲ್ಲ. ದೇವರ ಪರವಾಗಿ ಸುಳ್ಳು ಹೇಳಬಾರದು ಎಂಬ ಈ ಎಚ್ಚರಿಕೆಯನ್ನು ಮುಂದೆ ಬಂದ ಎಷ್ಟೋ ಸಮರ್ಥಕರು ಗಮನಿಸಲೇ ಇಲ್ಲ.

ಯೋಬನಿಗೆ ಕಳೆದುಹೋದದ್ದು ಇಮ್ಮಡಿಯಾಗಿ ಮರಳುತ್ತದೆ. 7,000 ಕುರಿಗಳ ಜಾಗದಲ್ಲಿ 14,000, 3,000 ಒಂಟೆಗಳ ಜಾಗದಲ್ಲಿ 6,000. ಮಕ್ಕಳು ಮಾತ್ರ ಮೊದಲಿನಷ್ಟೇ: ಏಳು ಮತ್ತು ಮೂರು. ಸತ್ತ ಮಕ್ಕಳಿಗೆ ಹೊಸ ಮಕ್ಕಳು ಪರಿಹಾರವಾಗುವುದೇ ಎಂಬ ಪ್ರಶ್ನೆಗೆ ಪುಸ್ತಕ ಬಾಯಿ ಬಿಡುವುದಿಲ್ಲ.

ಯೋಬ ನ್ಯಾಯ ಸಿಗಲಿಲ್ಲವೆಂದು ನೊಂದರೆ, ಪ್ರವಾದಿ ಯೋನ ಕರುಣೆ ಹೆಚ್ಚಾಯಿತೆಂದು ಮುನಿದವನು. ಕ್ರೂರ ಅಸ್ಸೀರಿಯಾದ ನಿನೆವೆ ಪಟ್ಟಣ ನಾಶವಾಗುತ್ತದೆಂದು ಸಾರಲು ಹೋದಾಗ ಅಲ್ಲಿನ ರಾಜನಿಂದ ಹಿಡಿದು ದನಗಳವರೆಗೆ ಗೋಣಿತಟ್ಟು ಹೊದ್ದು ಉಪವಾಸ ಕುಳಿತರು. ದೇವರು ಮನಸ್ಸು ಬದಲಿಸಿದ. ಹೀಗಾಗುತ್ತದೆಂದು ಗೊತ್ತಿದ್ದೇ ತಾನು ಮೊದಲು ಹಡಗು ಹತ್ತಿ ಓಡಿಹೋದದ್ದು ಎಂದು ಯೋನ ರೇಗುತ್ತಾನೆ. ನೆರಳು ಕೊಟ್ಟ ಸೋರೆಬಳ್ಳಿ ಒಣಗಿದ್ದಕ್ಕೆ ಸಾಯುವಷ್ಟು ದುಃಖಪಡುವ ಅವನಿಗೆ ದೇವರು ಕೇಳುವುದು ಇಷ್ಟು: ಎಡಗೈ ಬಲಗೈ ತಿಳಿಯದ 1,20,000ಕ್ಕೂ ಹೆಚ್ಚು ಜನ, ಜೊತೆಗೆ ಬಹಳ ದನಕರು ಇರುವ ಊರಿಗಾಗಿ ನಾನು ಮರುಗಬಾರದೆ? ಆ ಪ್ರಶ್ನೆಯೊಂದಿಗೇ ಪುಸ್ತಕ ನಿಂತುಹೋಗುತ್ತದೆ. ಯೋನನ ಉತ್ತರ ಅದರಲ್ಲಿಲ್ಲ.

ಹೊಸ ಒಡಂಬಡಿಕೆಯಲ್ಲಿ ಯೇಸು ಯೋಬನ ಗೆಳೆಯರ ಲೆಕ್ಕವನ್ನು ಎರಡು ಕಡೆ ಮುರಿಯುತ್ತಾನೆ. ಸಿಲೋವದಲ್ಲಿ ಗೋಪುರ ಬಿದ್ದು ಸತ್ತ 18 ಮಂದಿ ಉಳಿದವರಿಗಿಂತ ಪಾಪಿಗಳಾಗಿರಲಿಲ್ಲ ಎನ್ನುತ್ತಾನೆ (ಲೂಕ 13). ಹುಟ್ಟುಕುರುಡನ ವಿಷಯದಲ್ಲಿ ಪಾಪ ಮಾಡಿದವನು ಇವನೋ ಇವನ ತಂದೆತಾಯಿಯೋ ಎಂದು ಶಿಷ್ಯರು ಕೇಳಿದಾಗ ಇಬ್ಬರೂ ಅಲ್ಲ ಎನ್ನುತ್ತಾನೆ (ಯೋಹಾನ 9). ಆದರೆ ಅದೇ ಸುವಾರ್ತೆಗಳಲ್ಲಿ ಆರದ ಬೆಂಕಿಯ ಮಾತೂ ಇದೆ. ದ್ರಾಕ್ಷಿತೋಟದ ಸಾಮ್ಯದಲ್ಲಿ ಬೆಳಗಿನಿಂದ ದುಡಿದವನಿಗೂ ಸಂಜೆ ಒಂದು ಗಂಟೆ ದುಡಿದವನಿಗೂ ಒಂದೇ ಕೂಲಿ. ಬೆಳಗಿನ ಕೂಲಿಯವರು ಗೊಣಗಿದ್ದು ತಪ್ಪೆಂದು ಕೂಲಿ ಮಾಡಿದ ಯಾರಿಗೂ ಅಷ್ಟು ಸುಲಭವಾಗಿ ಅನಿಸದು. ಕ್ರೈಸ್ತ ವಾದವಿವಾದದ ಬಹುಭಾಗ ಈ ಗೊಣಗಾಟದ ಮುಂದುವರಿಕೆ.

ಆದಿ ಸಭೆ

ಕರುಣೆ–ನ್ಯಾಯಗಳ ಗಂಟನ್ನು ಕತ್ತರಿಸಿಯೇ ಬಿಡಿಸಲು ಹೊರಟವನು ಮಾರ್ಸಿಯನ್. ಶಿಕ್ಷಿಸುವ, ಯುದ್ಧ ಮಾಡಿಸುವ ಸೃಷ್ಟಿಕರ್ತ ಒಬ್ಬ. ಯೇಸು ತೋರಿಸಿದ ಕರುಣೆಯ ತಂದೆ ಮತ್ತೊಬ್ಬ ಎಂದ. ಹಳೆಯ ಒಡಂಬಡಿಕೆಯನ್ನೇ ಕೈಬಿಟ್ಟ. ರೋಮ್‌ನ ಸಭೆ, ಅಂದರೆ ಚರ್ಚ್, ಸುಮಾರು 144ರಲ್ಲಿ ಅವನನ್ನು ಹೊರಹಾಕಿತು. ಟೆರ್ಟುಲಿಯನ್ ಐದು ಸಂಪುಟಗಳ ಖಂಡನೆ ಬರೆದ. ದೇವರು ಒಬ್ಬನೇ ಎಂದು ಸಭೆ ಗಟ್ಟಿಯಾಗಿ ಹೇಳಿದ ಕ್ಷಣದಿಂದ ಕರುಣೆ–ನ್ಯಾಯಗಳ ಜಗಳ ದೇವರ ಒಳಗಿನದಾಯಿತು.

ಲಿಯೋನ್‌ನ ಐರೇನಿಯಸ್ 2ನೇ ಶತಮಾನದಲ್ಲಿ ಇನ್ನೊಂದು ದಾರಿ ಹಿಡಿದ. ಆದಾಮ ಪರಿಪೂರ್ಣನಾಗಿ ಹುಟ್ಟಿ ಬಿದ್ದವನಲ್ಲ, ಇನ್ನೂ ಬೆಳೆಯಬೇಕಾಗಿದ್ದ ಕೂಸು. ಬೆಳೆಯುವಾಗ ಎಡವುವುದು ಇದ್ದದ್ದೇ. ಈ ಎಳೆಯನ್ನು ಹಿಡಿದೇ ಬ್ರಿಟನ್ನಿನ ಜಾನ್ ಹಿಕ್ 1966ರಲ್ಲಿ ಲೋಕ ಆತ್ಮಗಳನ್ನು ಹದಗೊಳಿಸುವ ಜಾಗ ಎಂಬ ವಾದ ಕಟ್ಟಿದ. ಅಲೆಕ್ಸಾಂಡ್ರಿಯದ ಒರಿಜೆನ್ ಇನ್ನೂ ಮುಂದೆ ಹೋಗಿ, ದೇವರ ಶಿಕ್ಷೆಯೆಲ್ಲ ಚಿಕಿತ್ಸೆಯೇ, ಕೊನೆಗೆ ಎಲ್ಲವೂ ದೇವರಿಗೆ ಮರಳುತ್ತದೆ ಎಂಬ ನಿರೀಕ್ಷೆಯನ್ನು ಮುಂದಿಟ್ಟ. 543ರಲ್ಲಿ ಚಕ್ರವರ್ತಿ ಜಸ್ಟಿನಿಯನ್ ಅವನ ಬೋಧನೆಗಳನ್ನು ಖಂಡಿಸಿದ. ಅದೇ ನಿರೀಕ್ಷೆ ಇಟ್ಟುಕೊಂಡಿದ್ದ ನಿಸ್ಸಾದ ಗ್ರೆಗರಿ ಮಾತ್ರ ಸಂತನಾಗಿಯೇ ಉಳಿದ; ಸಭೆಯ ಇತಿಹಾಸದಲ್ಲೂ ಕೂಲಿ ಒಂದೇ ಸಮ ಅಲ್ಲ.

ಪಶ್ಚಿಮದ ಕ್ರೈಸ್ತರು ಇಂದಿಗೂ ಬಳಸುವ ಭಾಷೆ ಆಗಸ್ಟೀನ್‌ನದು (354–430). ಇಂದಿನ ಅಲ್ಜೀರಿಯದಲ್ಲಿ ಹುಟ್ಟಿದ ಅವನು ಸುಮಾರು ಒಂಬತ್ತು ವರ್ಷ ಮಾನಿ ಪಂಥದಲ್ಲಿದ್ದ. ಬೆಳಕು, ಕತ್ತಲೆ ಎಂಬ ಎರಡು ಶಕ್ತಿಗಳ ಕಾದಾಟವೇ ಲೋಕ ಎಂದು ನಂಬಿದರೆ ಕೇಡಿಗೆ ವಿವರಣೆ ಸುಲಭ. ಅದನ್ನು ಬಿಟ್ಟ ಮೇಲೆ, ಕೇಡು ಒಂದು ವಸ್ತುವಲ್ಲ, ಒಳ್ಳೆಯದರ ಕೊರತೆ ಎಂಬ ನಿಲುವಿಗೆ ಬಂದ. ಅದು ಒಳಬಂದದ್ದು ಇಚ್ಛೆಯ ಮೂಲಕ. ಇದನ್ನು ತೋರಿಸಲು ಅವನು ಆರಿಸಿಕೊಂಡದ್ದು ಯಾವ ಕೊಲೆಯನ್ನೂ ಅಲ್ಲ, ಹದಿನಾರರ ವಯಸ್ಸಿನಲ್ಲಿ ಗೆಳೆಯರೊಂದಿಗೆ ಮಾಡಿದ ಪಿಯರ್ ಹಣ್ಣಿನ ಕಳ್ಳತನವನ್ನು. ಹಸಿವಿರಲಿಲ್ಲ, ಹಣ್ಣು ರುಚಿಯೂ ಇರಲಿಲ್ಲ, ಕದ್ದದ್ದನ್ನು ಹಂದಿಗಳಿಗೆ ಎಸೆದರು. ತಪ್ಪೆಂಬ ಕಾರಣಕ್ಕೇ ತಪ್ಪು ಹಿಡಿಸಿತ್ತು. ಇಷ್ಟು ಸೂಕ್ಷ್ಮವಾಗಿ ಮನಸ್ಸನ್ನು ಓದಿದವನೇ, ಮನುಷ್ಯ ತನ್ನ ಇಚ್ಛೆಯಿಂದಲೇ ಒಳ್ಳೆಯವನಾಗಬಲ್ಲ ಎಂದ ಪೆಲೇಜಿಯಸ್‌ನ ಜೊತೆಗಿನ ವಾಗ್ವಾದದಲ್ಲಿ ಆದಾಮನ ಪಾಪದಿಂದ ಇಡೀ ಮನುಕುಲ ದಂಡನಾರ್ಹ, ಕೆಲವರನ್ನು ಆರಿಸುವುದು ದೇವರ ಕರುಣೆ, ಉಳಿದವರನ್ನು ಬಿಡುವುದು ದೇವರ ನ್ಯಾಯ ಎಂದ. ದೀಕ್ಷಾಸ್ನಾನವಿಲ್ಲದೆ ಸತ್ತ ಹಸುಗೂಸುಗಳೂ ಈ ದಂಡನೆಗೆ ಸೇರಿದವು, ಬಹಳ ಸೌಮ್ಯ ರೂಪದಲ್ಲಿ. ಆ ‘ಸೌಮ್ಯ’ ಎಂಬ ಪದ ಮುಂದಿನ 1,500 ವರ್ಷ ತಾಯಂದಿರ ನಿದ್ದೆ ಕೆಡಿಸಿತು.

ಸಾಲ ಮತ್ತು ತೀರುವಳಿ

ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಅನ್ಸೆಲ್ಮ್ 1098ರಲ್ಲಿ ಮುಗಿಸಿದ ‘ದೇವರು ಮನುಷ್ಯನಾದದ್ದೇಕೆ’ ಎಂಬ ಕೃತಿಯಲ್ಲಿ ಪಾಪವನ್ನು ಸಾಲವೆಂದು ಕಂಡ. ದೇವರಿಗೆ ಸಲ್ಲಬೇಕಾದ ಮಾನ ಸಂದಿಲ್ಲ. ಸುಮ್ಮನೆ ಮನ್ನಾ ಮಾಡಿದರೆ ನ್ಯಾಯ ಕುಸಿಯುತ್ತದೆ. ತೀರಿಸಬೇಕಾದವನು ಮನುಷ್ಯ, ತೀರಿಸಬಲ್ಲವನು ದೇವರು. ಆದ್ದರಿಂದ ಎರಡೂ ಆದವನೊಬ್ಬ ಬೇಕಾಯಿತು. ಊಳಿಗಮಾನ್ಯ ಕಾಲದ ದಣಿ–ಒಕ್ಕಲು ಸಂಬಂಧದ ನೆರಳು ಈ ವಾದದ ಮೇಲೆ ಕಾಣುತ್ತದೆ. ಫ್ರೆಂಚ್ ಚಿಂತಕ ಅಬೆಲಾರ್ಡ್‌ಗೆ ಇದು ಹಿಡಿಸಲಿಲ್ಲ. ಶಿಲುಬೆ ಕೆಲಸ ಮಾಡುವುದು ಪ್ರೀತಿಯನ್ನು ಎಬ್ಬಿಸುವ ಮೂಲಕ ಎಂದ.

13ನೇ ಶತಮಾನದ ತೋಮಸ್ ಅಕ್ವಿನಾಸ್ ದೇವರ ಅಸ್ತಿತ್ವದ ವಿರುದ್ಧ ದಾಖಲಿಸುವ ಎರಡೇ ಆಕ್ಷೇಪಗಳಲ್ಲಿ ಮೊದಲನೆಯದು ಕೇಡು. ಕರುಣೆ–ನ್ಯಾಯಗಳಿಗೆ ಅವನು ಕೊಡುವ ಉದಾಹರಣೆ ಅಂಗಡಿ ಲೆಕ್ಕದಷ್ಟು ಸರಳ. ನೂರು ನಾಣ್ಯ ಕೊಡಬೇಕಾದವನು ತನ್ನ ಜೇಬಿನಿಂದ ಇನ್ನೂರು ಕೊಟ್ಟರೆ ನ್ಯಾಯಕ್ಕೆ ಭಂಗವಿಲ್ಲ, ಔದಾರ್ಯ ಸೇರಿತು ಅಷ್ಟೆ. ಪಕ್ಕದಲ್ಲಿ ನಿಂತು ನೂರೂ ಸಿಗದವನ ಪ್ರಶ್ನೆ ಈ ಉದಾಹರಣೆಯಲ್ಲಿ ಬರುವುದಿಲ್ಲ.

ಪ್ಲೇಗ್ ಕಂಡ ಇಂಗ್ಲೆಂಡಿನಲ್ಲಿ, 1373ರ ಮೇ ತಿಂಗಳಲ್ಲಿ ಸಾವಿನಂಚಿಗೆ ಹೋಗಿ ಬಂದ ನಾರ್ವಿಚ್‌ನ ಜೂಲಿಯನ್ ತಾನು ಕಂಡ ದರ್ಶನಗಳಲ್ಲಿ ದೇವರಲ್ಲಿ ಕೋಪವನ್ನೇ ಕಾಣಲಿಲ್ಲವೆಂದು ಬರೆದಳು. ಇಂಗ್ಲಿಷ್‌ನಲ್ಲಿ ಹೆಣ್ಣೊಬ್ಬಳು ಬರೆದಳೆಂದು ಖಚಿತವಾಗಿ ತಿಳಿದ ಮೊದಲ ಪುಸ್ತಕ ಅದು. ಮತಸುಧಾರಣೆಯ ಕಾಲಕ್ಕೆ ಚರ್ಚೆ ಮತ್ತೆ ಆಗಸ್ಟೀನ್‌ನತ್ತ ಹೊರಳಿತು. ದೇವರ ನೀತಿ ಎಂದರೆ ದಂಡಿಸುವ ನೀತಿಯಲ್ಲ, ಪಾಪಿಗೆ ಉಚಿತವಾಗಿ ಕೊಡುವ ನೀತಿ ಎಂದು ಪೌಲನನ್ನು ಓದಿ ಲೂಥರ್ ಬಿಡುಗಡೆಯ ಉಸಿರು ಬಿಟ್ಟ. ರಕ್ಷಣೆಗೆ ಕೆಲವರು, ನಾಶಕ್ಕೆ ಕೆಲವರು ಮೊದಲೇ ನೇಮಕವಾಗಿದ್ದಾರೆ ಎಂದು ಕ್ಯಾಲ್ವಿನ್ ಬಿಗಿ ಮಾಡಿದ. ಇದನ್ನು ಸಡಿಲಿಸಲು ಹೊರಟ ಆರ್ಮೀನಿಯಸ್‌ನ ಅನುಯಾಯಿಗಳನ್ನು 1618–19ರ ಡಾರ್ಟ್ ಸಭೆ ತಿರಸ್ಕರಿಸಿತು.

ಲಿಸ್ಬನ್, 1755

1755ರ ನವೆಂಬರ್ 1, ಸಕಲ ಸಂತರ ಹಬ್ಬ. ಬೆಳಗ್ಗೆ ಒಂಬತ್ತೂವರೆ ದಾಟಿತ್ತು. ಪೋರ್ಚುಗಲ್‌ನ ರಾಜಧಾನಿ ಲಿಸ್ಬನ್‌ನ ಚರ್ಚುಗಳೆಲ್ಲ ಪೂಜೆಗೆ ಬಂದವರಿಂದ ತುಂಬಿದ್ದವು. ನೆಲ ನಡುಗಿ ಛಾವಣಿಗಳು ಅವರ ಮೇಲೆಯೇ ಕುಸಿದವು. ಬಯಲೆಂದು ನದೀತೀರಕ್ಕೆ ಓಡಿದವರನ್ನು ಸ್ವಲ್ಪ ಹೊತ್ತಿಗೆ ಟೇಗಸ್ ನದಿಯ ಬಾಯಿಂದ ನುಗ್ಗಿದ ಸುನಾಮಿ ಎಳೆದುಕೊಂಡಿತು. ಹಬ್ಬಕ್ಕೆಂದು ಹಚ್ಚಿದ್ದ ಮೇಣದಬತ್ತಿಗಳಿಂದಲೂ ಒಲೆಗಳಿಂದಲೂ ಹೊತ್ತಿದ ಬೆಂಕಿ ದಿನಗಟ್ಟಲೆ ಉರಿಯಿತು. ಸಕಲ ಸಂತರ ಹೆಸರಿನದೇ ಆದ ರಾಜಾಸ್ಪತ್ರೆ ರೋಗಿಗಳ ಸಮೇತ ಸುಟ್ಟಿತು. ಸತ್ತವರು ಹತ್ತಾರು ಸಾವಿರ.

ಯುರೋಪಿನ ಬುದ್ಧಿಜೀವಿಗಳು ಆಗ ಲೈಬ್ನಿಟ್ಸ್‌ನ ಮಾತಿನ ಮೇಲೆ ಹಾಯಾಗಿ ಕುಳಿತಿದ್ದರು. ಸಾಧ್ಯವಿರುವ ಲೋಕಗಳಲ್ಲೆಲ್ಲ ಇದೇ ಅತ್ಯುತ್ತಮ ಎಂಬುದು ಅವನ ವಾದ. ವಾಲ್ಟೇರ್ ಮೊದಲು ಪದ್ಯ ಬರೆದು, ಆಮೇಲೆ 1759ರಲ್ಲಿ ‘ಕ್ಯಾಂಡೀಡ್’ ಎಂಬ ಕಾದಂಬರಿ ಬರೆದು ಆ ಹಾಯನ್ನು ನಗೆಪಾಟಲು ಮಾಡಿದ. ರೂಸೋ 1756ರ ಆಗಸ್ಟ್‌ನಲ್ಲಿ ವಾಲ್ಟೇರ್‌ಗೆ ಬರೆದ ಕಾಗದದಲ್ಲಿ ಬೇರೆಯೇ ಕಡೆಗೆ ಬೊಟ್ಟು ಮಾಡಿದ: ಆರೇಳು ಅಂತಸ್ತಿನ 20,000 ಮನೆಗಳನ್ನು ಒತ್ತೊತ್ತಾಗಿ ಕಟ್ಟಿದ್ದು ಪ್ರಕೃತಿಯಲ್ಲ. ಕೇಡಿನ ಪ್ರಶ್ನೆಗೆ ಕಟ್ಟಡದ ಉತ್ತರ ಬಂದದ್ದು ಇದೇ ಮೊದಲಿರಬೇಕು. ಮಂತ್ರಿ ಪೊಂಬಾಲ್ ಪ್ರತಿ ಧರ್ಮಕೇಂದ್ರದ ಪಾದ್ರಿಗೂ ಪ್ರಶ್ನಾವಳಿ ಕಳಿಸಿದ. ನಡುಕ ಎಷ್ಟು ಹೊತ್ತು, ಯಾವ ದಿಕ್ಕಿನಿಂದ, ಸತ್ತವರೆಷ್ಟು, ಬಾವಿಯ ನೀರು ಏನಾಯಿತು ಎಂಬಂಥವು ಅದರಲ್ಲಿದ್ದವು. ಇತ್ತ ಯೇಸುಸಭೆಯ ಮುದಿ ಪಾದ್ರಿ ಮಲಗ್ರೀದ ಇದಕ್ಕೆ ಪ್ರಕೃತಿ ಕಾರಣವಲ್ಲ, ಜನರ ಪಾಪ ಕಾರಣ, ಮನೆ ಕಟ್ಟುವುದಕ್ಕಿಂತ ಪಶ್ಚಾತ್ತಾಪ ಮುಖ್ಯ ಎಂದು ಪುಸ್ತಿಕೆ ಅಚ್ಚುಹಾಕಿಸಿದ. ಅವನನ್ನು 1761ರಲ್ಲಿ ಧರ್ಮದ್ರೋಹದ ಆರೋಪದ ಮೇಲೆ ಕತ್ತು ಬಿಗಿದು ಕೊಂದು ಸುಟ್ಟರು. ದೇವರ ಕೋಪವನ್ನು ಸಾರಿದವನು ಸರ್ಕಾರದ ಕೋಪಕ್ಕೆ ತುತ್ತಾದ.

1791ರಲ್ಲಿ ಕಾಂಟ್ ಈ ಬಗೆಯ ಎಲ್ಲ ತಾತ್ತ್ವಿಕ ಸಮರ್ಥನೆಗಳೂ ಸೋತಿವೆ ಎಂದು ಪ್ರಬಂಧ ಬರೆದು, ಯೋಬನ ಪ್ರಾಮಾಣಿಕತೆಯನ್ನು ಗೆಳೆಯರ ಮುಖಸ್ತುತಿಗಿಂತ ಮೇಲಿಟ್ಟ.

ಟಿಕೆಟ್ ವಾಪಸು

ದಾಸ್ತೊಯೆವ್‌ಸ್ಕಿಯ ‘ಕರಮಜೋವ್ ಸಹೋದರರು’ (1880) ಕಾದಂಬರಿಯ ಇವಾನ್ ದೇವರನ್ನು ಅಲ್ಲಗಳೆಯುವುದಿಲ್ಲ. ಜಮೀನ್ದಾರನ ನಾಯಿಗೆ ಕಲ್ಲು ತಾಗಿಸಿದ ಎಂಟು ವರ್ಷದ ಹುಡುಗನನ್ನು ತಾಯಿಯ ಕಣ್ಣೆದುರೇ ಬೇಟೆನಾಯಿಗಳಿಂದ ಸೀಳಿಸಿದ ಘಟನೆಯನ್ನು ತಮ್ಮನ ಮುಂದಿಟ್ಟು ಕೇಳುತ್ತಾನೆ: ಕೊನೆಯಲ್ಲಿ ಎಲ್ಲವೂ ಸರಿಹೋಗುತ್ತದೆಂದೇ ಇಟ್ಟುಕೊಂಡರೂ, ಆ ಸೌಹಾರ್ದಕ್ಕೆ ಈ ಮಗುವಿನ ಕಣ್ಣೀರು ಬೆಲೆಯಾಗಬೇಕೇ? ಅಂಥ ಸ್ವರ್ಗದ ಟಿಕೆಟ್ಟನ್ನು ಅವನು ವಿನಯದಿಂದ ವಾಪಸು ಕೊಡುತ್ತಾನೆ. ತಾಯಿ ತನ್ನ ನೋವಿಗೆ ಕ್ಷಮಿಸಬಹುದು, ಮಗುವಿನ ನೋವಿಗೆ ಕ್ಷಮಿಸುವ ಹಕ್ಕು ಅವಳಿಗೂ ಇಲ್ಲ ಎಂಬ ಅವನ ಮಾತು ಕರುಣೆಯ ಸಿದ್ಧಾಂತಕ್ಕೇ ಬಿದ್ದ ಪೆಟ್ಟು. ಇದನ್ನು ಬರೆದವನು ನಂಬಿಕೆಯುಳ್ಳ ಕ್ರೈಸ್ತ. ನಂಬಿಕೆಯ ವಿರುದ್ಧ ಇಷ್ಟು ಬಲವಾದ ವಾದವನ್ನು ನಾಸ್ತಿಕರು ಬರೆದದ್ದು ಕಡಿಮೆ.

20ನೇ ಶತಮಾನದ ವಿಶ್ವವಿದ್ಯಾಲಯಗಳಲ್ಲಿ ಚರ್ಚೆ ತರ್ಕದ ರೂಪ ಪಡೆಯಿತು. ಜೆ. ಎಲ್. ಮ್ಯಾಕಿ 1955ರಲ್ಲಿ ಸರ್ವಶಕ್ತಿ, ಒಳ್ಳೆಯತನ, ಕೇಡು ಮೂರೂ ಒಟ್ಟಿಗೆ ನಿಲ್ಲವು ಎಂದ. ಸ್ವತಂತ್ರ ಇಚ್ಛೆಯುಳ್ಳವರನ್ನು ಸೃಷ್ಟಿಸಿ ಅವರು ತಪ್ಪದಂತೆ ಮಾಡುವುದು ದೇವರಿಗೂ ಆಗದಿರಬಹುದು ಎಂದು ಆಲ್ವಿನ್ ಪ್ಲಾಂಟಿಂಗ 1974ರಲ್ಲಿ ಉತ್ತರಿಸಿದ. ತರ್ಕದ ಮಟ್ಟಿಗೆ ಉತ್ತರ ಬಲವಾದದ್ದೆಂದು ಹಲವರು ಒಪ್ಪಿದರು. ಆದರೆ ವಿಲಿಯಂ ರೋ 1979ರಲ್ಲಿ ಕಾಳ್ಗಿಚ್ಚಿನಲ್ಲಿ ಸುಟ್ಟು, ಯಾರೂ ಕಾಣದೆ ದಿನಗಟ್ಟಲೆ ನರಳಿ ಸಾಯುವ ಜಿಂಕೆಮರಿಯೊಂದನ್ನು ಕಲ್ಪಿಸಿದ. ಆ ಮರಿಗೆ ಯಾರ ಸ್ವಾತಂತ್ರ್ಯವೂ ಉತ್ತರವಲ್ಲ.

ವಾದ ಮತ್ತು ನೋವಿನ ನಡುವಿನ ಅಂತರವನ್ನು ಸಿ. ಎಸ್. ಲೂಯಿಸ್‌ನ ಎರಡು ಪುಸ್ತಕಗಳಲ್ಲಿ ಕಾಣಬಹುದು. 1940ರಲ್ಲಿ ನೋವಿನ ಸಮಸ್ಯೆಯ ಬಗ್ಗೆ ಅಚ್ಚುಕಟ್ಟಾದ ಸಮರ್ಥನೆ ಬರೆದ ಅವನು, 1960ರಲ್ಲಿ ಹೆಂಡತಿ ಕ್ಯಾನ್ಸರಿನಿಂದ ತೀರಿಕೊಂಡ ಮೇಲೆ ಬರೆದ ಶೋಕದ ಟಿಪ್ಪಣಿಗಳನ್ನು ಮರುವರ್ಷ ಸುಳ್ಳು ಹೆಸರಿನಲ್ಲಿ ಪ್ರಕಟಿಸಿದ. ಎರಡನೆಯದರಲ್ಲಿ ದೇವರ ಬಾಗಿಲು ಮುಖಕ್ಕೇ ಮುಚ್ಚಿದೆ. ಜರ್ಮನಿಯ ಯೂರ್ಗನ್ ಮೋಲ್ಟ್‌ಮನ್ 1943ರ ಹ್ಯಾಂಬರ್ಗ್ ಬಾಂಬ್ ದಾಳಿಯಲ್ಲಿ ಪಕ್ಕದಲ್ಲೇ ನಿಂತಿದ್ದ ಗೆಳೆಯನನ್ನು ಕಳೆದುಕೊಂಡಾಗ ಅವನಿಗೆ ಹದಿನೇಳು. 1972ರ ‘ಶಿಲುಬೆಗೇರಿದ ದೇವರು’ ಕೃತಿಯಲ್ಲಿ ಅವನು ಹೇಳಿದ್ದು, ತನ್ನನ್ನೇಕೆ ಕೈಬಿಟ್ಟೆ ಎಂಬ ಯೇಸುವಿನ ಕೂಗು ದೇವರೊಳಗೇ ಎದ್ದ ಕೂಗು, ನೋವು ದೇವರಿಗೆ ಹೊರಗಿನದಲ್ಲ ಎಂದು. ನೋವುಣ್ಣುವ ದೇವರಿಂದ ನೋವುಂಡವರಿಗೆ ಏನು ಪ್ರಯೋಜನ ಎಂದು ಕೇಳುವವರೂ ಇದ್ದಾರೆ. ಪೆರುವಿನ ಗುಸ್ತಾವೊ ಗುತಿಯೆರೆಸ್ ಬಡವರ ನಡುವೆ ಯೋಬನನ್ನು ಓದಿ, ಯೋಬ ತನ್ನ ನೋವಿನಿಂದ ಹೊರಬಂದು ಇತರ ಬಡವರ ನೋವನ್ನು ಕಾಣುವಲ್ಲಿ ಪುಸ್ತಕ ತಿರುವು ಪಡೆಯುತ್ತದೆ ಎಂದು ತೋರಿಸಿದ.

ನರಕದ ಪ್ರಶ್ನೆಯೂ ಸಡಿಲಗೊಂಡಿದೆ. ಎಲ್ಲರೂ ಉಳಿಯಲೆಂದು ಆಶಿಸಬಹುದು, ಉಳಿಯುತ್ತಾರೆಂದು ಸಾರಲಾಗದು ಎಂಬುದು ಹನ್ಸ್ ಊರ್ಸ್ ಫಾನ್ ಬಲ್ತಾಸರ್‌ನ ನಿಲುವು. 2007ರಲ್ಲಿ ವ್ಯಾಟಿಕನ್‌ನ ಅಂತರರಾಷ್ಟ್ರೀಯ ದೈವಶಾಸ್ತ್ರ ಆಯೋಗ ದೀಕ್ಷಾಸ್ನಾನವಿಲ್ಲದೆ ಸತ್ತ ಶಿಶುಗಳೂ ರಕ್ಷಣೆ ಹೊಂದುವರೆಂದು ನಿರೀಕ್ಷಿಸಲು ಗಟ್ಟಿ ಕಾರಣಗಳಿವೆ ಎಂದಿತು.

ಭಾರತದಲ್ಲಿ

ಭಾರತೀಯ ಓದುಗರಿಗೆ ಈ ಪ್ರಶ್ನೆ ಹೊಸದಲ್ಲ. ಬ್ರಹ್ಮಸೂತ್ರದ 2.1.34ನೇ ಸೂತ್ರ ಈಶ್ವರನ ಮೇಲಿನ ಎರಡು ದೂರುಗಳನ್ನು ಎತ್ತಿಕೊಳ್ಳುತ್ತದೆ: ವೈಷಮ್ಯ, ಅಂದರೆ ಪಕ್ಷಪಾತ, ನೈರ್ಘೃಣ್ಯ, ಅಂದರೆ ನಿರ್ದಯತೆ. ನ್ಯಾಯಕ್ಕೊಂದು, ಕರುಣೆಗೊಂದು. ಈಶ್ವರ ಜೀವಿಗಳ ಕರ್ಮವನ್ನು ನೋಡಿಯೇ ಕೊಡುತ್ತಾನೆ ಎಂಬುದು ಅಲ್ಲಿನ ಪರಿಹಾರ. ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್ ತರ್ಕಬದ್ಧವೆಂದು ಒಪ್ಪಿದ ಮೂರು ಉತ್ತರಗಳಲ್ಲಿ ಕರ್ಮಸಿದ್ಧಾಂತ ಒಂದು. ಉಳಿದವು ದ್ವಿಶಕ್ತಿವಾದ ಮತ್ತು ಕ್ಯಾಲ್ವಿನ್‌ನ ಪೂರ್ವನೇಮಕ. ಹುಟ್ಟುಕುರುಡನ ಬಗ್ಗೆ ಶಿಷ್ಯರು ಕೇಳಿದ ಪ್ರಶ್ನೆ ಇಲ್ಲಿನ ಯಾವ ಹಳ್ಳಿಕಟ್ಟೆಯಲ್ಲೂ ಕೇಳಬಹುದಾದದ್ದು. ಯೇಸು ಕೊಟ್ಟ ಉತ್ತರ ಇಲ್ಲಿ ಹೆಚ್ಚು ವಿಚಿತ್ರವಾಗಿ ಕೇಳಿಸುತ್ತದೆ.

ಕ್ರೈಸ್ತ ಧರ್ಮದ ಪೂರ್ವದ ಕವಲಾದ ಸಿರಿಯಾಕ್ ಪರಂಪರೆ ಬಹಳ ಹಿಂದೆಯೇ ಭಾರತ ಮುಟ್ಟಿತ್ತು. ಆ ಪರಂಪರೆಯ 7ನೇ ಶತಮಾನದ ಸನ್ಯಾಸಿ ಈಸಾಕ, ಕೊಲ್ಲಿಯ ಕತಾರ್ ಕಡೆಯವನು, ಯೋನನ ಅದೇ ನಿನೆವೆಗೆ ಬಿಷಪ್ ಆದ. ಐದೇ ತಿಂಗಳಿಗೆ ಪದವಿ ಬಿಟ್ಟ. ಕಾರಣದ ಬಗ್ಗೆ ಒಂದು ಕಥೆಯಿದೆ. ಸಾಲ ಕೊಟ್ಟವನು, ಸಾಲ ಪಡೆದವನು ಇಬ್ಬರೂ ಅವನ ಮುಂದೆ ಬಂದರು. ಇನ್ನೊಂದು ದಿನ ತಡೆದುಕೋ ಎಂದು ಸುವಾರ್ತೆಯ ಮಾತು ಹೇಳಿದಾಗ, ಸುವಾರ್ತೆಯನ್ನು ಇದರಿಂದ ಆಚೆಗಿಡಿ ಎಂದ ಸಾಲ ಕೊಟ್ಟವನು. ಸುವಾರ್ತೆ ಆಚೆಗೆ ಹೋದರೆ ನನಗಿಲ್ಲಿ ಏನು ಕೆಲಸ ಎಂದು ಈಸಾಕ ಬೆಟ್ಟಕ್ಕೆ ನಡೆದ. ದೇವರನ್ನು ನ್ಯಾಯವಂತ ಎಂದು ಕರೆಯಬೇಡಿ, ನಿಮ್ಮ ವಿಷಯದಲ್ಲಿ ಅವನ ನ್ಯಾಯ ಕಾಣುವುದೇ ಇಲ್ಲ ಎಂಬ ಅರ್ಥದ ಅವನ ಬೋಧನೆಗೆ ದ್ರಾಕ್ಷಿತೋಟದ ಕೂಲಿಯೇ ಆಧಾರ. ಕಳೆದುಹೋಗಿದ್ದ ಅವನ ಬರಹಗಳ ಎರಡನೇ ಭಾಗವನ್ನು ಸೆಬಾಸ್ಟಿಯನ್ ಬ್ರಾಕ್ 1983ರಲ್ಲಿ ಆಕ್ಸ್‌ಫರ್ಡ್‌ನ ಬೋಡ್ಲಿಯನ್ ಗ್ರಂಥಾಲಯದಲ್ಲಿ ಗುರುತಿಸಿದ. ನರಕದ ಶಿಕ್ಷೆಗೂ ಕೊನೆಯಿದೆ ಎಂಬ ಅವನ ನಂಬಿಕೆ ಅದರಲ್ಲಿ ಸ್ಪಷ್ಟವಾಗಿದೆ.

ನಿನೆವೆಯ ಜನರ ಉಪವಾಸವನ್ನು ಸಿರಿಯಾಕ್ ಸಭೆಗಳು ಇಂದಿಗೂ ಮಹಾ ಉಪವಾಸಕಾಲಕ್ಕೆ ಮೂರು ವಾರ ಮೊದಲು ಮೂರು ದಿನ ಆಚರಿಸುತ್ತವೆ. ಮಲಯಾಳದಲ್ಲಿ ಇದು ‘ಮೂನ್ನು ನೋಂಬು’. ದಕ್ಷಿಣ ಕನ್ನಡದಲ್ಲಿ ನೆಲೆಸಿದ ಕೇರಳ ಮೂಲದ ಕುಟುಂಬಗಳಿಗಾಗಿ 1999ರಲ್ಲಿ ಬೆಳ್ತಂಗಡಿಯಲ್ಲಿ ಸ್ಥಾಪನೆಯಾದ ಧರ್ಮಪ್ರಾಂತ್ಯವೂ ಇದೇ ಸಿರಿಯಾಕ್ ಪರಂಪರೆಗೆ ಸೇರಿದ್ದು. ಕೇರಳದ ಕುರವಿಲಂಗಾಡ್‌ನಲ್ಲಿ ಈ ಮೂರು ದಿನದ ಉಪವಾಸದ ವೇಳೆ ಯೋನನ ಹಡಗನ್ನು ಹೆಗಲ ಮೇಲೆ ಹೊತ್ತು, ಬಿರುಗಾಳಿಗೆ ಸಿಕ್ಕಿದಂತೆ ಅತ್ತಿತ್ತ ತೂಗಾಡಿಸುತ್ತ ಚರ್ಚಿನ ಅಂಗಳದಲ್ಲಿ ಮೆರವಣಿಗೆ ಮಾಡುತ್ತಾರೆ.